ಸಯಾಮೀಸ್ ಬೆಕ್ಕಿನ ಕಿವಿ ಏಕೆ ಕಪ್ಪು?

ಸಯಾಮೀಸ್ ಬೆಕ್ಕಿನ ಮರಿ ಹುಟ್ಟುವಾಗ ಹೆಚ್ಚುಕಡಿಮೆ ಪೂರ್ತಿ ಬಿಳಿ. ದಿನ ಕಳೆದಂತೆ ಕಿವಿ, ಮೂತಿ, ಪಂಜ, ಬಾಲ ಮಾತ್ರ ಕಪ್ಪಾಗುತ್ತ ಹೋಗುತ್ತವೆ. ಕಪ್ಪು ಬಣ್ಣ ತಯಾರಾಗಲು ಬೇಕಾದ ಟೈರೋಸಿನೇಸ್ ಎಂಬ ಕಿಣ್ವ (ಎನ್‌ಜೈಮ್, ಅಂದರೆ ಮೈಯೊಳಗಿನ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಅಣು) ಅದರ ಚರ್ಮದಲ್ಲೆಲ್ಲ ಇದೆ. ಆದರೆ ವಂಶವಾಹಿಯಲ್ಲಾದ ಒಂದು ಸಣ್ಣ ಬದಲಾವಣೆಯಿಂದಾಗಿ ಆ ಕಿಣ್ವ ಬಿಸಿ ತಾಳುವುದಿಲ್ಲ. ಮೈಯ ಬೆಚ್ಚಗಿನ ಭಾಗದಲ್ಲಿ ಸುಮ್ಮನಿರುತ್ತದೆ, ತಣ್ಣಗಿರುವ ತುದಿಗಳಲ್ಲಿ ಕೆಲಸ ಮಾಡುತ್ತದೆ. ತಾಯಿಯ ಗರ್ಭದಲ್ಲಿ ಎಲ್ಲೆಡೆಯೂ ಬಿಸಿಯೇ, ಹಾಗಾಗಿ ಹುಟ್ಟುವಾಗ ಬಣ್ಣವಿಲ್ಲ. ಉಷ್ಣತೆ ಕಿಣ್ವವನ್ನು ಹೇಗೆ ಆಳುತ್ತದೆ ಎಂಬುದನ್ನು ಇಷ್ಟು ಸೊಗಸಾಗಿ ಕಣ್ಣಿಗೆ ಕಾಣಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಕಿಣ್ವಗಳಲ್ಲಿ ಬಹುಪಾಲು ಪ್ರೋಟೀನುಗಳೇ. ಅಮೈನೋ ಆಮ್ಲಗಳ ಉದ್ದನೆಯ ಸರಪಳಿ ಮಡಿಚಿಕೊಂಡಾಗ ಎಲ್ಲೋ ಒಂದು ಕಡೆ ಪುಟ್ಟ ಕುಳಿ ಉಂಟಾಗುತ್ತದೆ. ಸಕ್ರಿಯ ತಾಣ ಅದೇ. ಅಲ್ಲಿ ಬಂದು ಕೂತ ಅಣುವಿನ ರಾಸಾಯನಿಕ ಕ್ರಿಯೆ ಶುರುವಾಗಲು ಬೇಕಾದ ಶಕ್ತಿ ತುಂಬ ತಗ್ಗುತ್ತದೆ. ಕೆಲಸ ಮುಗಿಸಿದ ಕಿಣ್ವ ತಾನು ಸವೆಯದೆ ಮುಂದಿನ ಅಣುವನ್ನು ಹಿಡಿಯುತ್ತದೆ. ನಮ್ಮ ಕೆಂಪು ರಕ್ತಕಣಗಳಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್‌ನ ಒಂದೇ ಒಂದು ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ನೀರಿನೊಂದಿಗೆ ಸೇರಿಸಬಲ್ಲದು! 1894ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಎಮಿಲ್ ಫಿಶರ್ ಕುಳಿ ಮತ್ತು ಅಣುವಿನ ಈ ಜೋಡಣೆಯನ್ನು ಬೀಗ ಮತ್ತು ಕೀಲಿಗೆ ಹೋಲಿಸಿದರು. ಕುಳಿ ಅಷ್ಟು ಬಿಗಿಯಲ್ಲ, ಅಣು ಬಂದಾಗ ಅದೂ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತದೆ ಎಂದು 1958ರಲ್ಲಿ ಅಮೆರಿಕದ ಜೀವರಸಾಯನವಿಜ್ಞಾನಿ ಡೇನಿಯಲ್ ಕೋಶ್ಲಂಡ್ ತಿದ್ದಿದರು.

ಎಲ್ಲವೂ ಆ ಆಕಾರದ ಮೇಲೇ ನಿಂತಿದೆ. ಬಿಸಿ ಏರಿದಂತೆ ಅಣುಗಳ ಓಡಾಟ ಹೆಚ್ಚಿ ಕ್ರಿಯೆಯೂ ಚುರುಕಾಗುತ್ತದೆ. ಮಿತಿ ಮೀರಿದರೆ ಮಡಿಕೆ ಬಿಚ್ಚಿಕೊಂಡು ಕುಳಿಯೇ ಇಲ್ಲವಾಗುತ್ತದೆ. ಆಮ್ಲೀಯತೆಯದೂ ಹೀಗೆಯೇ: ಜಠರದ ಪೆಪ್ಸಿನ್ ಎಂಬ ಕಿಣ್ವಕ್ಕೆ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 2ರ ಆಸುಪಾಸು ಹಿತ, ಸಣ್ಣ ಕರುಳಿನ ಟ್ರಿಪ್ಸಿನ್‌ಗೆ 8ರ ಸುತ್ತಮುತ್ತ.

ಇನ್ನು ಕೆಲವು ಅಣುಗಳು ಕಿಣ್ವದ ದಾರಿಗೇ ಅಡ್ಡ ಬರುತ್ತವೆ. ಅನೇಕ ಔಷಧಗಳ ಗುಟ್ಟು ಇದೇ. ಆಸ್ಪಿರಿನ್ ತನ್ನದೊಂದು ತುಣುಕನ್ನು ನೋವಿನಲ್ಲೂ ರಕ್ತ ಹೆಪ್ಪುಗಟ್ಟುವುದರಲ್ಲೂ ಪಾತ್ರವಿರುವ ಸೈಕ್ಲೋಆಕ್ಸಿಜಿನೇಸ್ ಎಂಬ ಕಿಣ್ವಕ್ಕೆ ಅಂಟಿಸಿ ಅದರ ಕೆಲಸವನ್ನು ಶಾಶ್ವತವಾಗಿ ನಿಲ್ಲಿಸುತ್ತದೆ. ಬೇರೆ ಜೀವಕೋಶಗಳು ಹೊಸ ಕಿಣ್ವ ತಯಾರಿಸಿಕೊಂಡಾವು. ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳಿಗೆ (ಪ್ಲೇಟ್‌ಲೆಟ್) ಪ್ರೋಟೀನು ತಯಾರಿಯ ಸೂಚನೆ ಇರುವ ಕೋಶಕೇಂದ್ರವೇ ಇಲ್ಲ, ಹೊಸದನ್ನು ಮಾಡಿಕೊಳ್ಳುವ ದಾರಿ ಅವಕ್ಕಿಲ್ಲವೆಂದೇ ಹೇಳಬೇಕು. ಹಳೆಯ ಕಿರುಬಿಲ್ಲೆಗಳು ಹೋಗಿ ಹೊಸವು ಬರಲು ವಾರ, ಹತ್ತು ದಿನ ಬೇಕು, ಅಲ್ಲಿಯವರೆಗೆ ರಕ್ತ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು "ಆಸ್ಪಿರಿನ್ ತಗೊಳ್ತಿದ್ದೀರಾ?" ಎಂದು ವೈದ್ಯರು ವಿಚಾರಿಸುವುದು ಅದಕ್ಕೇ.