ನಿಮ್ಮ ವಿಕಿಪೀಡಿಯ ಪುಟದಲ್ಲಿ ತಪ್ಪಿದೆಯೇ? ನೀವೇ ತಿದ್ದಬೇಡಿ

ವಿಕಿಪೀಡಿಯದಲ್ಲಿ ತಮ್ಮ ಬಗ್ಗೆ ಇರುವ ಪುಟವನ್ನು ಸರಿಮಾಡುವುದು ಹೇಗೆ ಎಂದು ಲೇಖಕರು ನನ್ನನ್ನು ಕೇಳುವ ಹೊತ್ತಿಗೆ ಸಾಮಾನ್ಯವಾಗಿ ಒಂದು ಸುತ್ತು ಜಗಳ ಮುಗಿದಿರುತ್ತದೆ. ಹುಟ್ಟಿದ ವರ್ಷ ತಪ್ಪಿತ್ತು, ಇವರೇ ತಿದ್ದಿದರು. ಯಾರೋ ಹಳೆಯದನ್ನೇ ವಾಪಸ್ ಹಾಕಿದರು. ಇವರು ಮತ್ತೆ ತಿದ್ದಿ, 'ನಾನು ಯಾವಾಗ ಹುಟ್ಟಿದೆ ಅಂತ ನನಗೆ ಗೊತ್ತಿಲ್ವಾ?' ಎಂದು ಬರೆದರು. ಅದೂ ಹೋಯಿತು. ಆಮೇಲೆ ಖಾತೆಗೆ ಎಚ್ಚರಿಕೆ ಬಂತು. ತನ್ನ ಬದುಕಿನ ಬಗ್ಗೆ ತಾನು ಹೇಳಿದ್ದನ್ನೇ ನಂಬುವುದಿಲ್ಲ ಎಂದರೆ ಯಾರಿಗಾದರೂ ನೋವಾಗುತ್ತದೆ.

ಆದರೆ ವಿಕಿಪೀಡಿಯ ಸಂಪಾದಕನಾಗಿ ಆ ಕಡೆಯ ಕಷ್ಟವೂ ನನಗೆ ಗೊತ್ತು. ಪುಟ ನೋಡಿಕೊಳ್ಳುವವರು ಸಂಬಳವಿಲ್ಲದ ಸ್ವಯಂಸೇವಕರು. ತಿದ್ದಿದ್ದು ಲೇಖಕರೋ, ಅಭಿಮಾನಿಯೋ, ಆಗದವರೋ, ಅವರಿಗೆ ಹೇಗೆ ತಿಳಿಯಬೇಕು? ನಿಮ್ಮ ಹೆಸರಿನಲ್ಲಿ ಯಾರು ಬೇಕಾದರೂ ಖಾತೆ ತೆರೆಯಬಹುದು. 'ನಾನೇ ಹೇಳ್ತಿದ್ದೀನಿ' ಎಂಬುದನ್ನೇ ಪುರಾವೆ ಎಂದು ಒಪ್ಪಿದರೆ, ನಾಳೆ ಇನ್ನೊಬ್ಬ ಬಂದು ಅದೇ ಮಾತು ಹೇಳಿ ನಿಮ್ಮ ಬಗ್ಗೆ ಏನನ್ನಾದರೂ ಸೇರಿಸಬಹುದು. ಪ್ರಕಟವಾದ ಆಧಾರ ಬೇಕು ಎಂಬ ನಿಯಮ ನಿಮ್ಮನ್ನೂ ಕಾಯುತ್ತದೆ.

ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದು 2005ರಲ್ಲಿ ಗೊತ್ತಾಯಿತು. ಅಮೆರಿಕದ ಪತ್ರಕರ್ತ ಮತ್ತು ಲೇಖಕ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ, ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿ ಮತ್ತು ಅವರ ತಮ್ಮ ರಾಬರ್ಟ್ ಹತ್ಯೆಯಲ್ಲಿ ಇವರ ಕೈವಾಡವಿರಬಹುದು ಎಂಬ ಶಂಕೆ ಇತ್ತು ಎಂದು ಯಾರೋ ಹುಡುಗಾಟಕ್ಕೆ ಬರೆದರು. ರಾಬರ್ಟ್ ಕೆನಡಿ ಅವರ ಜೊತೆ ಕೆಲಸ ಮಾಡಿದ್ದ ಮನುಷ್ಯ ಇವರು. ಆ ಸುಳ್ಳು ನಾಲ್ಕು ತಿಂಗಳಿಗೂ ಜಾಸ್ತಿ ಹಾಗೇ ಇತ್ತು. ಅವರು ಪತ್ರಿಕೆಯಲ್ಲಿ ಬರೆದು ಗದ್ದಲವಾದ ಮೇಲೆ, ಬದುಕಿರುವ ವ್ಯಕ್ತಿಗಳ ಪುಟಗಳಿಗೆ ಬಿಗಿಯಾದ ನೀತಿಯೇ ಬಂತು. ಆಧಾರವಿಲ್ಲದ ಆರೋಪ ಕಂಡರೆ ಚರ್ಚೆಗೆ ಕಾಯದೆ ಕೂಡಲೇ ತೆಗೆಯಬೇಕು ಎನ್ನುತ್ತದೆ ಅದು. ಇಂಥದ್ದನ್ನು ನೀವೇ ಅಳಿಸಿದರೂ ತಪ್ಪಲ್ಲ. ಏಕೆ ಅಳಿಸಿದಿರಿ ಎಂದು 'ಸಾರಾಂಶ' ಪೆಟ್ಟಿಗೆಯಲ್ಲಿ ಒಂದು ಸಾಲು ಬರೆಯಿರಿ, ಸಾಕು.

ಉಳಿದ ತಪ್ಪುಗಳ ದಾರಿ ಬೇರೆ. ಅದನ್ನು ತೋರಿಸಲು ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ಅವರ ಪ್ರಸಂಗಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 2000ದಲ್ಲಿ ಬಂದ ಅವರ ಕಾದಂಬರಿ 'ದಿ ಹ್ಯೂಮನ್ ಸ್ಟೇನ್'ನ ನಾಯಕನಿಗೆ ವಿಮರ್ಶಕ ಅನಾಟೋಲ್ ಬ್ರೊಯಾರ್ಡ್ ಪ್ರೇರಣೆ ಎಂಬ ಮಾತು ವಿಕಿಪೀಡಿಯ ಪುಟದಲ್ಲಿತ್ತು. ಅದು ನಿಜವಲ್ಲ ಎಂದು ರಾತ್ ಹೇಳಿಕಳಿಸಿದರು. ಕೃತಿಯ ಬಗ್ಗೆ ಲೇಖಕರಿಗಿಂತ ದೊಡ್ಡ ಅಧಿಕಾರಿ ಇಲ್ಲ, ಒಪ್ಪುತ್ತೇವೆ, ಆದರೂ ನಮಗೆ ಬೇರೆ ಆಧಾರ ಬೇಕು ಎಂಬರ್ಥದ ಉತ್ತರ ಬಂತು. ರಾತ್ 2012ರ ಸೆಪ್ಟೆಂಬರ್‌ನಲ್ಲಿ 'ದಿ ನ್ಯೂಯಾರ್ಕರ್'ನಲ್ಲಿ ಒಂದು ಬಹಿರಂಗ ಪತ್ರ ಪ್ರಕಟಿಸಿದರು. ಪ್ರೇರಣೆ ತಮ್ಮ ಗೆಳೆಯ, ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ಮೆಲ್ವಿನ್ ಟ್ಯೂಮಿನ್ ಅವರ ಬದುಕಿನ ಒಂದು ಘಟನೆ ಎಂದು ವಿವರವಾಗಿ ಬರೆದರು.

ಆ ಉತ್ತರ ಓದಿ ಎಷ್ಟೋ ಜನ ಬೇಸರಪಟ್ಟರು. ಆದರೆ ಆ ಪತ್ರವೇ ಬೇಕಿದ್ದ ಆಧಾರವಾಯಿತು, ಪುಟ ಬದಲಾಯಿತು. ಬ್ರೊಯಾರ್ಡ್ ಹೆಸರು ಮಾತ್ರ ಅಳಿಯಲಿಲ್ಲ. ಯಾಕೆಂದರೆ ಕೆಲವು ವಿಮರ್ಶಕರು ಆ ಹೋಲಿಕೆ ಮಾಡಿದ್ದು ನಿಜ. ಅವರು ಹೀಗೆ ಓದಿದರು, ಲೇಖಕರು ಹೀಗೆ ಹೇಳಿದರು ಎಂದು ಎರಡನ್ನೂ ಇಡುವುದು ಸರಿ ಎಂದೇ ನನ್ನ ಅಭಿಪ್ರಾಯ.

ಕಾದಂಬರಿಕಾರ್ತಿ ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್ ಇದೇ ದಾರಿಯನ್ನು ಇನ್ನೂ ಸುಲಭವಾಗಿ ಹಿಡಿದರು. ವಿಚ್ಛೇದನವಾಗಿದ್ದರೂ ಪುಟದಲ್ಲಿ ವಿವಾಹಿತೆ ಎಂದೇ ಇತ್ತು. 2022ರ ಡಿಸೆಂಬರ್‌ನಲ್ಲಿ, ಯಾರಾದರೂ ಪತ್ರಕರ್ತರು ನನ್ನನ್ನು ಈ ಬಗ್ಗೆ ಕೇಳುತ್ತೀರಾ ಎಂದು ಟ್ವಿಟರ್‌ನಲ್ಲಿ ಕೇಳಿಕೊಂಡರು. 'ಸ್ಲೇಟ್' ಪತ್ರಿಕೆ ಒಂದು ಚಿಕ್ಕ ಸಂದರ್ಶನ ಮಾಡಿತು. ಪುಟ ಸರಿಹೋಯಿತು.

ಎಲ್ಲದಕ್ಕೂ ಪತ್ರಿಕೆಯೇ ಬೇಕು ಎಂದೇನಿಲ್ಲ. ಹುಟ್ಟಿದ ದಿನ, ಓದಿದ್ದು, ಹೆಸರಿನ ಕಾಗುಣಿತ, ಇಂಥ ತಕರಾರಿಲ್ಲದ ಸಂಗತಿಗಳಿಗೆ ನಿಮ್ಮದೇ ಜಾಲತಾಣವೂ ಆಧಾರವಾಗುತ್ತದೆ. ಅದು ನಿಮ್ಮದೇ ಎಂಬುದರಲ್ಲಿ ಅನುಮಾನ ಇರಬಾರದು, ಅಷ್ಟೆ. ಹೊಗಳಿಕೆಗೆ, ಬೇರೆಯವರ ಬಗೆಗಿನ ಮಾತಿಗೆ ಇದು ನಡೆಯುವುದಿಲ್ಲ. ಹಾಗಾಗಿ ಲೇಖಕರಿಗೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ತಾಣದಲ್ಲಿ ಪರಿಚಯದ ಒಂದು ಪುಟ ಇಡಿ, ತಾರೀಖುಗಳು ಸರಿಯಿರಲಿ.

ಆಮೇಲೆ ವಿಕಿಪೀಡಿಯ ಪುಟದ 'ಚರ್ಚೆ' ಟ್ಯಾಬ್ ತೆರೆದು ಕೇಳಿಕೊಳ್ಳಿ. 'ಪುಟದ ತುಂಬ ತಪ್ಪಿದೆ, ಸರಿಪಡಿಸಿ' ಎಂದರೆ ಯಾರೂ ಕೈಹಾಕುವುದಿಲ್ಲ, ಎಲ್ಲಿಂದ ಶುರುಮಾಡಬೇಕು ಎಂದೇ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: 'ಎರಡನೇ ಸಾಲಿನಲ್ಲಿ ಹುಟ್ಟಿದ ವರ್ಷ 1958 ಎಂದಿದೆ. 1961 ಆಗಬೇಕು. ಆಧಾರ ಈ ಸಂದರ್ಶನ, ಕೊಂಡಿ ಕೆಳಗಿದೆ. ಪುಟ ನನ್ನ ಬಗ್ಗೆಯೇ ಇರುವುದರಿಂದ ನಾನು ತಿದ್ದುತ್ತಿಲ್ಲ.' ಆ ಕೊನೆಯ ಸಾಲಿಗೆ ಬಹಳ ಬೆಲೆ ಇದೆ. ಇಂಥ ಕೋರಿಕೆ ನೋಡಿದರೆ ನನ್ನಂಥವರಿಗೆ ಕೆಲಸ ಮಾಡಿಕೊಡಬೇಕು ಅನಿಸುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಕಡಿಮೆ, ಚರ್ಚೆ ಪುಟವನ್ನು ಯಾರೂ ನೋಡದೇ ಇರಬಹುದು. ಆಗ ಸಂಪಾದಕರೆಲ್ಲ ಸೇರಿ ಮಾತಾಡುವ 'ಅರಳಿ ಕಟ್ಟೆ' ಪುಟದಲ್ಲಿ ಒಂದು ಮಾತು ಹಾಕಿ.

ಒಂದು ತಪ್ಪು ಮಾತ್ರ ತುಂಬಾ ಕಾಡುತ್ತದೆ. ವಿಕಿಪೀಡಿಯದಲ್ಲಿದ್ದ ತಪ್ಪು ವರ್ಷವನ್ನೇ ಪತ್ರಿಕೆಯೊಂದು ಎತ್ತಿಕೊಂಡು ಅಚ್ಚುಹಾಕುತ್ತದೆ. ನಂತರ ಯಾರೋ ಆ ಪತ್ರಿಕೆಯನ್ನೇ ಆಧಾರವಾಗಿ ಪುಟಕ್ಕೆ ಸೇರಿಸುತ್ತಾರೆ. ಈಗ ಸುಳ್ಳಿಗೂ ಉಲ್ಲೇಖ ಇದೆ. ಇದನ್ನು ಬಿಡಿಸಲು 'ಇತಿಹಾಸ' ಟ್ಯಾಬ್ ನೋಡಿ. ಪ್ರತಿ ಬದಲಾವಣೆಯ ದಿನ, ಸಮಯ ಅಲ್ಲಿರುತ್ತದೆ. ತಪ್ಪು ಮೊದಲು ಪುಟಕ್ಕೆ ಬಂದ ದಿನ, ಪತ್ರಿಕೆ ಅಚ್ಚಾದ ದಿನ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಪತ್ರಿಕೆಯದು ಆಮೇಲಿನದಾದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಪತ್ರಿಕೆಗೂ ಒಂದು ತಿದ್ದುಪಡಿ ಹಾಕಲು ಬರೆಯಿರಿ.

ಇನ್ನು ನಿಮಗೆ ಇಷ್ಟವಿಲ್ಲದ ಮಾತು, ತಪ್ಪಾದ ಮಾತು, ಇವೆರಡೂ ಬೇರೆ. ಒಳ್ಳೆಯ ಪತ್ರಿಕೆಯಲ್ಲಿ ಬಂದ ಕಟುವಿಮರ್ಶೆಯನ್ನು ತೆಗೆಸಲು ಹೋಗಬೇಡಿ. ವಿಕಿಪೀಡಿಯ ಶುರುಮಾಡಿದವರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ತಮ್ಮದೇ ಪುಟವನ್ನು ತಿದ್ದಿದ್ದು 2005ರಲ್ಲಿ ಬೆಳಕಿಗೆ ಬಂದಾಗ ಅವರೂ ಟೀಕೆ ಕೇಳಬೇಕಾಯಿತು. ಪುಟಕ್ಕೆ ನಿಮ್ಮ ಭಾವಚಿತ್ರ ಹಾಕುವುದಾದರೆ, ಅದರ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ಅದರಲ್ಲಿರುವವರದ್ದಲ್ಲ. ತೆಗೆದವರ ಒಪ್ಪಿಗೆ ಇಲ್ಲದೆ ಹಾಕಿದರೆ ಚಿತ್ರ ಅಳಿಸಿಹೋಗುತ್ತದೆ. ದುಡ್ಡು ಕೊಟ್ಟರೆ ಪುಟ ಸರಿಮಾಡುತ್ತೇವೆ ಎಂದು ಇಮೇಲ್ ಮಾಡುವವರನ್ನು ದಯವಿಟ್ಟು ನಂಬಬೇಡಿ. ದುಡ್ಡು ಪಡೆದು ತಿದ್ದುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕು ಎಂದು 2014ರಿಂದ ನಿಯಮವಿದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಕೆಟ್ಟ ಹೆಸರು ಬರುವುದು ನಿಮಗೆ.

ಪುಟ ಸರಿಯಾದ ಮೇಲೂ ಗೂಗಲ್‌ನಲ್ಲಿ ಹುಡುಕಿದಾಗ ಬರುವ ಚೌಕದಲ್ಲಿ ಹಳೆಯ ವರ್ಷವೇ ಕೆಲವು ದಿನ ಇರಬಹುದು. ಬೇರೆ ಭಾಷೆಯ ವಿಕಿಪೀಡಿಯ ಪುಟಗಳೂ ತಾವಾಗಿ ಬದಲಾಗುವುದಿಲ್ಲ. ವಿಕಿಪೀಡಿಯದ ಸೋದರ ತಾಣವಾದ ಮಾಹಿತಿಕೋಶ ವಿಕಿಡೇಟಾದಲ್ಲಿ ನಿಮ್ಮ ಹೆಸರಿನ ನಮೂದು ನೋಡಿ, ಅದೇ ಆಧಾರವನ್ನು ಅಲ್ಲಿಯ ಚರ್ಚೆ ಪುಟದಲ್ಲೂ ಕೊಡಿ. ಗೂಗಲ್ ಚೌಕಕ್ಕೆ ಬೇರೆ ಫೀಡ್‌ಬ್ಯಾಕ್ ಕೊಂಡಿ ಇರುತ್ತದೆ, ಅದರಲ್ಲೂ ಒಮ್ಮೆ ತಿಳಿಸಿ.