ಹಳದಿಯಾದದ್ದು ಯಾವ ಎಲೆ?

ನಮ್ಮ ತಾರಸಿಯ ಕುಂಡದಲ್ಲಿರುವ ಕರಿಬೇವಿನ ಗಿಡಕ್ಕೆ ಈಗ ಐದು ವರ್ಷ. ಹೋದ ವರ್ಷ ಚಳಿ ಕಳೆದ ಮೇಲೆ ಅದು ಚಿಗುರಿತು. ಆದರೆ ಚಿಗುರಿನಲ್ಲಿ ಹಸಿರೇ ಇರಲಿಲ್ಲ. ತುದಿಯ ಎಲೆಗಳು ಹಳದಿ, ಕೆಲವು ಬಹುತೇಕ ಬಿಳಿ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನರಗಳು ಹಸಿರಾಗಿಯೇ ಇದ್ದವು, ನಡುವಿನ ಜಾಗವೆಲ್ಲ ಹಳದಿ. ಹಸಿರು ದಾರದಲ್ಲಿ ಹೆಣೆದ ಬಲೆಯ ಹಾಗೆ ಕಾಣುತ್ತಿತ್ತು. ಕೆಳಗಿನ ಹಳೇ ಎಲೆಗಳಿಗೆ ಮಾತ್ರ ಏನೂ ಆಗಿರಲಿಲ್ಲ.

ಗೊಬ್ಬರ ಸಾಲುತ್ತಿಲ್ಲ ಅಂದುಕೊಂಡು ಎರೆಹುಳು ಗೊಬ್ಬರ ಹಾಕಿದೆ. ಎರಡು ವಾರ ಬಿಟ್ಟು ಬೇವಿನ ಹಿಂಡಿಯನ್ನೂ ಹಾಕಿದೆ. ಆಮೇಲೆ ಬಂದ ಚಿಗುರು ಇನ್ನೂ ಹಳದಿ. ಒಂದು ತಿಂಗಳು ಹಾಗೇ ಹೋಯಿತು. ಆ ತಿಂಗಳಲ್ಲಿ ನಾನು ಕೇಳದೇ ಬಿಟ್ಟ ಪ್ರಶ್ನೆ ಒಂದೇ: ಹಳದಿಯಾಗಿದ್ದು ಹಳೇ ಎಲೆಯೋ, ಹೊಸ ಎಲೆಯೋ?

ಈ ಪ್ರಶ್ನೆ ಯಾಕೆ ಮುಖ್ಯ ನೋಡಿ. ಗಿಡದ ಕೆಲವು ಪೋಷಕಾಂಶಗಳು ಎಲೆಗೆ ಸೇರಿದ ಮೇಲೂ ಜಾಗ ಬದಲಿಸಬಲ್ಲವು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಈ ಗುಂಪಿನವು. ಮನೆಯಲ್ಲಿ ಅನ್ನ ಕಡಿಮೆ ಬಿದ್ದ ದಿನ ದೊಡ್ಡವರು ತಮ್ಮ ಪಾಲನ್ನು ಮಕ್ಕಳ ತಟ್ಟೆಗೆ ಹಾಕುವುದಿಲ್ಲವೇ? ಗಿಡವೂ ಹಾಗೇ ಮಾಡುತ್ತದೆ. ಹಳೇ ಎಲೆಯಲ್ಲಿದ್ದದ್ದನ್ನು ಬಿಚ್ಚಿ ಚಿಗುರಿಗೆ ಸಾಗಿಸುತ್ತದೆ. ಹೀಗಾಗಿ ಇವುಗಳ ಕೊರತೆ ಮೊದಲು ಕಾಣುವುದು ಕೆಳಗಿನ ಹಳೇ ಎಲೆಗಳಲ್ಲಿ.

ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಎಲ್ಲಿ ಸೇರಿದವೋ ಹೆಚ್ಚುಕಮ್ಮಿ ಅಲ್ಲೇ ಉಳಿಯುತ್ತವೆ. ಗೋಡೆಗೆ ಮೆತ್ತಿದ ಸಿಮೆಂಟನ್ನು ಕೆರೆದು ಮತ್ತೆ ಚೀಲಕ್ಕೆ ತುಂಬಲು ಆಗುವುದಿಲ್ಲ ಅಲ್ವಾ? ಬೇರಿನಿಂದ ಬರುವುದು ನಿಂತರೆ ಹಳೇ ಎಲೆ ಚೆನ್ನಾಗಿಯೇ ಇರುತ್ತದೆ, ಹೊಸದಾಗಿ ಹುಟ್ಟುವ ಚಿಗುರು ಬರಿಗೈಲಿ ಹುಟ್ಟುತ್ತದೆ.

ಇಷ್ಟು ತಿಳಿದರೆ ಅರ್ಧ ಪತ್ತೆ ಮುಗಿದ ಹಾಗೆ. ಹಳೇ ಎಲೆ ಪೂರ್ತಿ ಒಂದೇ ಸಮನೆ ಹಳದಿಯಾಗಿ, ಗಿಡವೂ ಸೊರಗಿದ್ದರೆ ಸಾರಜನಕದ ಕಡೆ ನೋಡಬೇಕು. ಹಳೇ ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾಗಿದ್ದರೆ ಪೊಟ್ಯಾಷ್. ಹಳೇ ಎಲೆಯಲ್ಲೇ ನರ ಹಸಿರು, ನಡುವೆ ಹಳದಿ ಇದ್ದರೆ ಮೆಗ್ನೀಸಿಯಂ. ಕಾಯಿ ಬಿಡುತ್ತಿರುವ ಟೊಮೆಟೊದಲ್ಲಿ ಇದು ಜಾಸ್ತಿ. ಅದೇ ಬಲೆ ಹೊಸ ಎಲೆಯಲ್ಲಿ ಕಂಡರೆ ಮೊದಲ ಅನುಮಾನ ಕಬ್ಬಿಣದ ಮೇಲೆ. ಹೊಸ ಎಲೆಗಳು ತೀರಾ ಚಿಕ್ಕದಾಗಿ, ಒತ್ತೊತ್ತಾಗಿ ಗುಂಪುಗಟ್ಟಿದರೆ ಸತುವಿನ ಕೊರತೆ ಇರಬಹುದು.

ನನ್ನ ಕರಿಬೇವಿಗೆ ಬೇಕಿದ್ದದ್ದು ಕಬ್ಬಿಣ. ಆದರೆ ಆ ಕುಂಡದಲ್ಲಿ ಅರ್ಧಕ್ಕರ್ಧ ಕೆಮ್ಮಣ್ಣೇ ಇತ್ತು. ನಮ್ಮ ಕಡೆಯ ಮಣ್ಣಿಗೆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದಿಂದ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ 5ರಷ್ಟು ಕಬ್ಬಿಣವಿದೆ. ಗಿಡಕ್ಕೆ ಬೇಕಾದದ್ದು ತೀರಾ ಸ್ವಲ್ಪ. ಒಂದು ಕಿಲೋ ಒಣಗಿದ ಎಲೆಯಲ್ಲಿ 100 ಮಿಲಿಗ್ರಾಂ ಆಸುಪಾಸು ಕಬ್ಬಿಣ ಇದ್ದರೆ ಸಾಕು. ಕಬ್ಬಿಣದ ರಾಶಿಯ ಮೇಲೆ ನಿಂತ ಗಿಡ ಕಬ್ಬಿಣ ಸಿಗದೆ ಬಿಳಿಚಿಕೊಂಡಿತ್ತು. ಗಿಡ ಸಾಕುವವರು ಇದೊಂದನ್ನು ಅರ್ಥ ಮಾಡಿಕೊಂಡರೆ ಎಷ್ಟೋ ದುಡ್ಡು, ಎಷ್ಟೋ ಗಿಡ ಉಳಿಯುತ್ತವೆ ಅನ್ನುವುದು ನನ್ನ ಬಲವಾದ ನಂಬಿಕೆ.

ಮಣ್ಣಿನಲ್ಲಿರುವ ಕಬ್ಬಿಣ ಹೆಚ್ಚಾಗಿ ತುಕ್ಕಿನ ರೂಪದಲ್ಲಿರುತ್ತದೆ. ತುಕ್ಕು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮಣ್ಣು ತುಸು ಹುಳಿಯಾಗಿದ್ದರೆ ಬೇರಿಗೆ ಬೇಕಾದಷ್ಟು ಕರಗುತ್ತದೆ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅದು ಏರಿದಷ್ಟೂ ಹುಳಿ ಕಡಿಮೆ. ಮಣ್ಣಿನ ಪಿಎಚ್ ಒಂದು ಅಂಕಿ ಏರಿದರೆ ತುಕ್ಕಿನ ಕಬ್ಬಿಣ ಕರಗುವುದು ಸುಮಾರು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಗಿಡವೇನೂ ಸುಮ್ನೆ ಕೂತಿರುವುದಿಲ್ಲ. ಬೇರಿನಿಂದ ಹುಳಿ ಬಿಟ್ಟು ಕಬ್ಬಿಣವನ್ನು ಕರಗಿಸಿಕೊಳ್ಳಲು ನೋಡುತ್ತದೆ. ಆದರೆ ನಾವು ದಿನಾ ಸುರಿಯುವ ನೀರು ಆ ಹುಳಿಯನ್ನು ಕೊಲ್ಲುತ್ತಿದ್ದರೆ?

ನಮ್ಮ ಮನೆಯಲ್ಲಿ ನಡೆದದ್ದು ಅದೇ. ಗಿಡಕ್ಕೆ ಹಾಕುತ್ತಿದ್ದದ್ದು ಬೋರ್‌ವೆಲ್ ನೀರು. ಬಕೆಟ್ಟಿನ ಒಳಗೆ, ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುವ ಗಡಸು ನೀರು. ಅದರಲ್ಲಿರುವ ಬೈಕಾರ್ಬನೇಟ್ ಹುಳಿಯನ್ನು ಹೀರಿಕೊಳ್ಳುತ್ತದೆ. ನೆಲದಲ್ಲಿರುವ ಮರದ ಬೇರಿಗೆ ಹರಡಲು ಜಾಗವಿದೆ, ಮಳೆ ಬಂದರೆ ಮಣ್ಣು ತೊಳೆಯುತ್ತದೆ. ಹನ್ನೆರಡು ಇಂಚಿನ ಕುಂಡದಲ್ಲಿ ಅದೇ ನೀರು ವರ್ಷಗಟ್ಟಲೆ ಬಿದ್ದು ಸುಣ್ಣ ಕೂಡುತ್ತದೆ. ಮೇಲ್ಮಣ್ಣಿನ ಒಂದು ಚಮಚ ಒಣಗಿಸಿ ಅದರ ಮೇಲೆ ವಿನೆಗರ್ ಬಿಟ್ಟೆ. ಸಣ್ಣಗೆ ನೊರೆ ಎದ್ದಿತು. ಸುಣ್ಣದ ಅಂಶ ಇದೆ ಅಂತ ಹೇಳಲು ಅಷ್ಟು ಸಾಕು. ಇನ್ನೊಂದು ವಿಷಯ: ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ್ದು. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಸಿಗದೆ ಒದ್ದಾಡುವುದಕ್ಕೆ ನಿಂಬೆ ಜಾತಿಯ ಗಿಡಗಳು ಹೆಸರುವಾಸಿ.

ಆದರೂ ಅನುಮಾನವನ್ನು ಖಚಿತ ಮಾಡಿಕೊಳ್ಳಬೇಕಿತ್ತು. 1840ರ ದಶಕದಲ್ಲಿ ಫ್ರಾನ್ಸಿನ ಯೂಸೆಬ್ ಗ್ರಿ ಎಂಬಾತ ಹಳದಿಯಾದ ಎಲೆಗಳಿಗೆ ಕಬ್ಬಿಣದ ಉಪ್ಪು ಕರಗಿಸಿದ ನೀರು ಕೊಟ್ಟು, ಹಸಿರು ಮರಳುವುದನ್ನು ತೋರಿಸಿದ್ದ. ಅದೇ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಅಂಗಡಿಯಿಂದ ಅನ್ನಭೇದಿ ತಂದೆ. ಇದೇ ಫೆರಸ್ ಸಲ್ಫೇಟ್. ತಿಳಿ ಹಸಿರು ಬಣ್ಣದ ಹರಳು ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಗಾಳಿಗೆ ಕೆಟ್ಟಿದೆ, ತರಬೇಡಿ. ಅರ್ಧ ಲೋಟ ನೀರಿಗೆ ಒಂದು ಚಿಟಿಕೆ ಕರಗಿಸಿ, ಎರಡು ಹನಿ ನಿಂಬೆರಸ ಬಿಟ್ಟೆ. ಕಿವಿಯ ಹತ್ತಿಕಡ್ಡಿ ಅದ್ದಿ, ಒಂದು ಎಲೆಯ ಬಲ ಅರ್ಧಕ್ಕೆ ಮಾತ್ರ ಸಂಜೆ ಹೊತ್ತಿನಲ್ಲಿ ಹಚ್ಚಿದೆ. ಗುರುತಿಗೆ ಆ ಎಲೆಯಿದ್ದ ಗಿಡದ ಕಡ್ಡಿಗೆ ಒಂದು ದಾರ ಕಟ್ಟಿದೆ.

ಹತ್ತನೇ ದಿನ ನೋಡಿದರೆ ಬಲಭಾಗದಲ್ಲಿ ಹಸಿರು ಮಚ್ಚೆಗಳು! ನೀರು ಎಲ್ಲೆಲ್ಲಿ ನಿಂತಿತ್ತೋ ಅಲ್ಲಲ್ಲೇ ಹಸಿರು. ಎಡ ಅರ್ಧ ಹಳದಿಯಾಗಿಯೇ ಇತ್ತು. ಕಬ್ಬಿಣ ಎಲೆಯೊಳಗೂ ಪಕ್ಕಕ್ಕೆ ಸರಿದಿರಲಿಲ್ಲ. ಮೇಲೆ ಹೇಳಿದ 'ಜಾಗ ಬಿಡದ' ಗುಣ ಅಷ್ಟು ಚಿಕ್ಕ ಎಲೆಯಲ್ಲಿ ಕಣ್ಣಿಗೆ ಕಾಣುವಂತೆ ಬರೆದಿತ್ತು. ಕಬ್ಬಿಣ ಪತ್ರಹರಿತ್ತಿನ ಒಳಗಿರುವ ವಸ್ತುವೇನಲ್ಲ, ಅದರ ನಡುವೆ ಕೂತಿರುವುದು ಮೆಗ್ನೀಸಿಯಂ. ಆದರೆ ಪತ್ರಹರಿತ್ತನ್ನು ಕಟ್ಟುವ ಕೆಲಸಕ್ಕೆ ಕಬ್ಬಿಣ ಬೇಕೇ ಬೇಕು.

ಆಮೇಲೆ ಪೂರ್ತಿ ಗಿಡಕ್ಕೆ ಸಿಂಪಡಿಸಿದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಸಿಡ್. ತೀರಾ ಎಳೆ ಚಿಗುರಿದ್ದರೆ ಇದರ ಅರ್ಧ ಸಾಕು. ಬಿಸಿಲು ಇಳಿದ ಮೇಲೆ ಹೊಡೆಯಬೇಕು, ನೆಲದ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ. ಒಗ್ಗರಣೆಗೆ ಕೀಳುವ ಎಲೆಯಾದ್ದರಿಂದ ಹತ್ತು ದಿನ ಬಿಟ್ಟು, ತೊಳೆದು ಬಳಸಿದೆವು.

ಆದರೆ ಸಿಂಪಡಣೆಯಿಂದ ಸಿಗುವುದು ಆ ಹೊತ್ತಿನ ಉಪಶಮನ ಮಾತ್ರ. ಮುಂದಿನ ಚಿಗುರಿಗೆ ಕಬ್ಬಿಣ ಮತ್ತೆ ಬೇರಿನಿಂದಲೇ ಬರಬೇಕು. ಅನ್ನಭೇದಿಯನ್ನು ಸುಣ್ಣದ ಮಣ್ಣಿಗೆ ಸುರಿದರೆ ಕೆಲವೇ ದಿನಗಳಲ್ಲಿ ತುಕ್ಕಾಗುತ್ತದೆ. ಕುಂಡಕ್ಕೆ ಮೊಳೆ ಚುಚ್ಚುವುದೂ ಅಷ್ಟೇ, ಇರುವ ತುಕ್ಕಿಗೆ ಇನ್ನಷ್ಟು ತುಕ್ಕು. ಮಣ್ಣಿಗೆ ಹಾಕುವುದಾದರೆ ಚಿಲೇಟೆಡ್ ಕಬ್ಬಿಣ ಬೇಕು, ಅಂದರೆ ತುಕ್ಕಾಗದಂತೆ ಇನ್ನೊಂದು ವಸ್ತು ಹಿಡಿದಿಟ್ಟುಕೊಂಡಿರುವ ಕಬ್ಬಿಣ. ಅದರಲ್ಲೂ ಪೊಟ್ಟಣದ ಮೇಲೆ ಇಡಿಡಿಎಚ್‌ಎ ಅಂತ ಇರುವುದನ್ನು ನೋಡಿ ತನ್ನಿ. ಸುಲಭವಾಗಿ ಸಿಗುವ ಇಡಿಟಿಎ ಬಗೆಯದು ಸುಣ್ಣದ ಮಣ್ಣಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.

ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಿ ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದು ಬರೀ ನಂಬಿಕೆಯ ಮಾತಲ್ಲ. ಅದರ ಹುಳಿ ಬೇರಿನ ಸುತ್ತ ಸ್ವಲ್ಪ ಹೊತ್ತಾದರೂ ಕಬ್ಬಿಣ ಕರಗಲು ನೆರವಾಗುತ್ತದೆ, ಜೊತೆಗೆ ಒಂದಿಷ್ಟು ಸಾರಜನಕವೂ ಸಿಗುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿ ಹಾಕಬೇಕು. ಆದರೆ ಮಾರನೇ ದಿನ ಅದೇ ಗಡಸು ನೀರು ಸುರಿದರೆ ಮಾಡಿದ್ದೆಲ್ಲ ನೀರಿಗೆ ಹೋಯಿತು. ಇನ್ನು ಮೊಟ್ಟೆಯ ಚಿಪ್ಪಿನ ಪುಡಿ. ಅದು ಸುಣ್ಣವೇ. ಇಂಥ ಕುಂಡಕ್ಕೆ ಅದನ್ನು ಖಂಡಿತ ಹಾಕಬೇಡಿ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗುವುದನ್ನು ನೋಡಿದ್ದೀರಾ? ಅಲ್ಲೂ ಇದೇ ಕಥೆ. ಕಾಯಿಗೆ ಕ್ಯಾಲ್ಸಿಯಂ ಸಿಕ್ಕಿಲ್ಲ, ನಿಜ. ಆದರೆ ಹೆಚ್ಚಿನ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದು ಬೇರಿನಿಂದ ನೀರಿನ ಜೊತೆಗೇ ಮೇಲೇರಬೇಕು. ಎಲೆಗಳು ತುಂಬಾ ನೀರನ್ನು ಆವಿ ಮಾಡುವುದರಿಂದ ಹರಿವೆಲ್ಲ ಆ ಕಡೆಗೇ. ಕಾಯಿಗೆ ಬರುವುದು ಕಮ್ಮಿ. ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸಿದರೆ ಕಾಯಿಯ ತುದಿಗೆ ಏನೂ ತಲುಪುವುದಿಲ್ಲ. ಇಲ್ಲಿ ಮದ್ದು ಅಂದರೆ ದಿನಾ ಒಂದೇ ಹದದಲ್ಲಿ ನೀರು, ಮಣ್ಣಿಗೆ ಒಣ ಎಲೆಯ ಹೊದಿಕೆ. ಎಪ್ಸಮ್ ಉಪ್ಪು ಹಾಕಿದರೆ ಸರಿಹೋಗುತ್ತದೆ ಅನ್ನುವ ಸಲಹೆ ಕೇಳಬೇಡಿ. ಅದರಲ್ಲಿರುವ ಮೆಗ್ನೀಸಿಯಂ ಕ್ಯಾಲ್ಸಿಯಂಗೆ ಪೈಪೋಟಿ ಕೊಡುತ್ತದೆ, ಕಾಯಿ ಇನ್ನಷ್ಟು ಕೆಡಬಹುದು.

ಹಳದಿಯೆಲ್ಲ ಕೊರತೆಯೂ ಅಲ್ಲ. ಕುಂಡದ ತಳದ ತೂತು ಮುಚ್ಚಿ ನೀರು ನಿಂತರೆ ಬೇರಿಗೆ ಉಸಿರು ಕಟ್ಟಿ ಎಲೆ ಹಳದಿಯಾಗುತ್ತದೆ. ಚಳಿಗಾಲದಲ್ಲಿ ಕರಿಬೇವು ತಾನಾಗಿಯೇ ಹಳೇ ಎಲೆ ಉದುರಿಸುತ್ತದೆ. ಎಲೆಯ ಅಡಿಯಲ್ಲಿ ನುಸಿ ಇದ್ದರೂ ಬಣ್ಣ ಹೋಗುತ್ತದೆ, ಮಗುಚಿ ನೋಡಿ. ಎಲೆಯ ತುದಿ ಸುಟ್ಟು ಮಣ್ಣಿನ ಮೇಲೆ ಬಿಳಿ ಉಪ್ಪು ಕಂಡರೆ ಗೊಬ್ಬರ ಜಾಸ್ತಿಯಾಗಿದೆ. ಆಗ ಒಳ್ಳೆಯ ನೀರು ಧಾರಾಳವಾಗಿ ಹಾಕಿ ತಳದಿಂದ ಹರಿದುಹೋಗಲು ಬಿಡಿ.

ನಾನು ಕೊನೆಗೆ ಮಾಡಿದ್ದು ಇಷ್ಟು. ಮೇಲಿನ ನಾಲ್ಕು ಇಂಚು ಮಣ್ಣು ತೆಗೆದು ಹೊಸ ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿದೆ. ಇಡಿಡಿಎಚ್‌ಎ ಕಬ್ಬಿಣವನ್ನು ಪೊಟ್ಟಣದಲ್ಲಿ ಹೇಳಿದಷ್ಟೇ ಒಂದು ಸಲ ಕೊಟ್ಟೆ. ಮಳೆಗಾಲ ಶುರುವಾದಾಗ ತಾರಸಿಯ ಪೈಪಿನ ಕೆಳಗೆ ಡ್ರಮ್ ಇಟ್ಟೆ. ಮಳೆನೀರಿನಲ್ಲಿ ಸುಣ್ಣವಿಲ್ಲ, ಅದು ತುಸು ಹುಳಿ ಕೂಡ. ಜುಲೈನಲ್ಲಿ ಬಂದ ಚಿಗುರು ಹಸಿರಾಗಿತ್ತು. ಹಳೇ ಹಳದಿ ಎಲೆಗಳು ಪೂರ್ತಿ ಸರಿಹೋಗಲಿಲ್ಲ. ದಾರ ಕಟ್ಟಿದ ಕಡ್ಡಿಯಲ್ಲಿ ಆ ಎಲೆ ಇನ್ನೂ ಇತ್ತು, ಒಂದು ಕಡೆ ಹಸಿರು ಮಚ್ಚೆ, ಇನ್ನೊಂದು ಕಡೆ ಹಳದಿ. ಅದೊಂದನ್ನು ಮಾತ್ರ ಒಗ್ಗರಣೆಗೆ ಕೀಳಲಿಲ್ಲ.