ಮನೆಯನ್ನು ಕೊಯ್ದು ನೋಡುವುದು: ಪ್ಲಾನ್, ಸೆಕ್ಷನ್ ಕಲಿಯುವವರಿಗೆ ಟಿಪ್ಪಣಿ

ಬೆಂಡೆಕಾಯಿಯನ್ನು ಅಡ್ಡ ಕೊಯ್ದರೆ ಐದು ಮೂಲೆಯ ಬಿಲ್ಲೆ ಸಿಗುತ್ತದೆ, ಒಳಗೆ ಐದು ಗೂಡು. ಅದನ್ನೇ ಉದ್ದಕ್ಕೆ ಸೀಳಿದರೆ ಆ ನಕ್ಷತ್ರ ಎಲ್ಲೂ ಕಾಣುವುದಿಲ್ಲ, ಉದ್ದನೆಯ ಓಣಿಯಲ್ಲಿ ಸಾಲಾಗಿ ಕೂತ ಬೀಜ ಕಾಣುತ್ತದೆ. ಮನೆಯ ಚಿತ್ರದಲ್ಲಿ ಪ್ಲಾನ್ (ಅಡ್ಡ ಕೊಯ್ತ) ಮತ್ತು ಸೆಕ್ಷನ್ (ಮೇಲಿಂದ ಕೆಳಕ್ಕೆ ಸೀಳಿ ಪಕ್ಕದಿಂದ ನೋಡಿದ್ದು) ನಡುವಿನ ವ್ಯತ್ಯಾಸವೂ ಇಷ್ಟೇ. ಇದು ತಲೆಗೆ ಹೋಗುವವರೆಗೆ ನಾನು ಗೆರೆಗಳನ್ನು ಸುಮ್ನೆ ನಕಲು ಮಾಡುತ್ತಿದ್ದೆ.

ಪ್ಲಾನ್ ಅಂದರೆ ಮನೆಯನ್ನು ಮೇಲಿನಿಂದ ನೋಡಿದ ಚಿತ್ರ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮೇಲಿನಿಂದ ನೋಡಿದರೆ ಹೆಂಚು ತಾನೇ ಕಾಣುವುದು? ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಇಡೀ ಮನೆಯನ್ನು ಅಡ್ಡ ಕೊಯ್ದು, ಮೇಲಿನ ಭಾಗವನ್ನು ಎತ್ತಿ ಪಕ್ಕಕ್ಕಿಟ್ಟು, ಉಳಿದದ್ದನ್ನು ನೇರ ಕೆಳಗೆ ನೋಡಿ ಬರೆದರೆ ಅದು ಪ್ಲಾನ್. ಆ ಎತ್ತರಕ್ಕೆ ಬಾಗಿಲೂ ಸಿಗುತ್ತದೆ, ಹೆಚ್ಚಿನ ಕಿಟಕಿಗಳೂ ಸಿಗುತ್ತವೆ. ಕೊಯ್ತಕ್ಕೆ ಸಿಕ್ಕ ಗೋಡೆ, ಕಂಬಕ್ಕೆ ದಪ್ಪ ಗೆರೆ. ಕೆಳಗೆ ಕಾಣುವ ಮೆಟ್ಟಿಲು, ಹೊಸ್ತಿಲಿಗೆ ತೆಳು ಗೆರೆ. ಎತ್ತಿಟ್ಟ ಭಾಗದಲ್ಲಿ ಹೇಳಲೇಬೇಕಾದ್ದು ಏನಾದರೂ ಇದ್ದರೆ ತುಂಡು ಗೆರೆ.

ಅಭ್ಯಾಸಕ್ಕೆ ತೊಟ್ಟಿ ಮನೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ರಜೆಯಲ್ಲಿ ಅಜ್ಜಿ ಮನೆಯನ್ನು ಟೇಪ್ ಹಿಡಿದು ಅಳೆದು, 1:50 ಅಳತೆಯಲ್ಲಿ ಬರೆದೆ, ಅಂದರೆ ಒಂದು ಮೀಟರ್‌ಗೆ ಕಾಗದದ ಮೇಲೆ 2 ಸೆಂಟಿಮೀಟರ್. ಪ್ಲಾನ್‌ನಲ್ಲಿ ತೊಟ್ಟಿ ಒಂದು ಖಾಲಿ ಚೌಕ, ನಾಲ್ಕು ಮೂಲೆಗೆ ನಾಲ್ಕು ಕಂಬ, ಅಷ್ಟೇ. ಪಕ್ಕದ ಕೋಣೆಯೂ ಚೌಕವೇ. ಯಾವುದಕ್ಕೆ ಆಕಾಶ ಕಾಣುತ್ತದೆ, ಯಾವುದಕ್ಕೆ ಅಟ್ಟ ಇದೆ, ಹೇಗೆ ಗೊತ್ತಾಗಬೇಕು? ಒಳಸೂರಿನ ಅಂಚನ್ನು ತುಂಡು ಗೆರೆಯಲ್ಲಿ ಹಾಕಿದ ಮೇಲೆ ಸ್ವಲ್ಪ ಸುಳಿವು ಸಿಕ್ಕಿತು, ಪೂರ್ತಿ ಸಿಗಲಿಲ್ಲ.

ಸೆಕ್ಷನ್ ಬರೆದಾಗ ಮನೆ ಎದ್ದು ನಿಂತಿತು. ಜಗಲಿಯಿಂದ ಹಿತ್ತಲವರೆಗೆ ಸೀಳಿದರೆ ಎಲ್ಲವೂ ಒಂದೇ ಸಾಲಲ್ಲಿ ಬರುತ್ತದೆ: ಬೀದಿಗಿಂತ ಎತ್ತರದ ಜಗಲಿ, ತಲೆ ತಗ್ಗಿಸಿ ದಾಟಬೇಕಾದ ಬಾಗಿಲು, ಕತ್ತಲ ಪಡಸಾಲೆ, ಆಮೇಲೆ ಎರಡು ಮೆಟ್ಟಿಲು ಕೆಳಗೆ ತೊಟ್ಟಿ. ಅದರ ಮೇಲೆ ಏನೂ ಇಲ್ಲ. ಎರಡು ಕಡೆಯ ಮಾಡೂ ಒಳಕ್ಕೆ ಇಳಿಜಾರಾಗಿದೆ, ಮಳೆ ನೀರು ಎಲ್ಲಿ ಬೀಳುತ್ತದೆ, ಅಲ್ಲಿ ನೆಲ ಯಾಕೆ ತಗ್ಗಾಗಿದೆ ಅಂತ ಗೆರೆಯೇ ಹೇಳುತ್ತದೆ.

ಇಲ್ಲೊಂದು ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ಸೀಳುವ ಗೆರೆಯನ್ನು ಸರಿಯಾಗಿ ಕಂಬದ ಮೇಲೇ ಎಳೆದುಬಿಟ್ಟೆ. ಕೊಯ್ತಕ್ಕೆ ಸಿಕ್ಕಿದ್ದೆಲ್ಲ ದಪ್ಪ ಗೆರೆ ಅಲ್ವಾ, ಹಾಗಾಗಿ ಕಂಬ ಗೋಡೆಯಂತೆ ಕಂಡಿತು, ತೊಟ್ಟಿ ಮುಚ್ಚಿದ ಕೋಣೆಯಾಯಿತು. ಗೆರೆಯನ್ನು ಎರಡು ಕಂಬಗಳ ಮಧ್ಯಕ್ಕೆ ಸರಿಸಿ, ಹಿಂದಿನ ಕಂಬವನ್ನು ತೆಳುವಾಗಿ ಬರೆದ ಕೂಡಲೇ ಆಳ ಬಂತು. ಮೆಟ್ಟಿಲು, ಬಾಗಿಲು, ಎತ್ತರ ಬದಲಾಗುವ ಜಾಗ ಇವೆಲ್ಲ ಸೀಳಿಗೆ ಸಿಗಲಿ, ಕಂಬ ತಪ್ಪಿಸಿಕೊಳ್ಳಲಿ. ಆ ಗೆರೆಯನ್ನು, ನೋಡುವ ದಿಕ್ಕಿನ ಬಾಣದ ಸಮೇತ, ಪ್ಲಾನ್ ಮೇಲೆ ಗುರುತಿಸುವುದನ್ನು ಮರೆಯಬೇಡಿ.

ಉದ್ದ, ಅಗಲ, ಎತ್ತರ ಮೂರೂ ಒಟ್ಟಿಗೆ ಕಾಣುವ ಓರೆ ಚಿತ್ರ ಐಸೊಮೆಟ್ರಿಕ್, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡ್ಡ ಗೆರೆಗೆ 30 ಡಿಗ್ರಿಯಲ್ಲಿ ಎರಡು ಬದಿ, ನೇರ ನಿಂತ ಗೆರೆ ನೇರವೇ. ಅದರಲ್ಲಿ ಚೌಕ ವಜ್ರದ ಆಕಾರಕ್ಕೆ ತಿರುಗುತ್ತದೆ. ಪ್ಲಾನನ್ನೇ 45 ಡಿಗ್ರಿ ತಿರುಗಿಸಿಟ್ಟು ಮೂಲೆಗಳಿಂದ ಗೋಡೆ ಎಬ್ಬಿಸುವ ಆಕ್ಸೊನೊಮೆಟ್ರಿಕ್‌ನಲ್ಲಿ ಚೌಕ ಚೌಕವಾಗಿಯೇ ಉಳಿಯುತ್ತದೆ, ಬಾವಿಯ ದುಂಡು ದುಂಡಾಗಿಯೇ ಇರುತ್ತದೆ. ತೊಟ್ಟಿ ಮನೆಗೆ ನನಗೆ ಅದೇ ಇಷ್ಟ.

ಕಣ್ಣಿಗೆ ಕಂಡ ಹಾಗೆ, ದೂರದ್ದನ್ನು ಚಿಕ್ಕದಾಗಿ ಬರೆಯುವ ಪರ್ಸ್ಪೆಕ್ಟಿವ್‌ನಲ್ಲಿ ಮಾತ್ರ ನೋಡುವವರೂ ಚಿತ್ರದ ಒಳಗೆ ಇರುತ್ತಾರೆ. ಹಾರಿಜಾನ್ ಗೆರೆ ಅಂದರೆ ನಿಮ್ಮ ಕಣ್ಣಿನ ಎತ್ತರ. ಸಮ ನೆಲದ ಮೇಲೆ ನಿಮ್ಮಷ್ಟೇ ಎತ್ತರದವರು ಹತ್ತಿರ ನಿಂತಿರಲಿ, ದೂರ ನಿಂತಿರಲಿ, ಅವರ ಕಣ್ಣು ಆ ಗೆರೆಯ ಮೇಲೇ ಬರುತ್ತದೆ. ನಾನು ಪಡಸಾಲೆಯಲ್ಲಿ ನಿಂತು ಒಂದು ಬರೆದೆ, ಅಲ್ಲೇ ಚಾಪೆ ಮೇಲೆ ಕೂತು ಇನ್ನೊಂದು ಬರೆದೆ. ನಿಂತಾಗ ಪಡಸಾಲೆಯ ಸೂರು ಕಣ್ಣಿಗೆ ಅಡ್ಡ ಬರುತ್ತಿತ್ತು. ಕೂತಾಗ ಅದೇ ಸೂರು ಮೇಲಕ್ಕೆ ಹೋಯಿತು, ಅದರಾಚೆ ಒಂದು ಪಟ್ಟಿಯಷ್ಟು ಆಕಾಶ ಕಂಡಿತು. ಅಜ್ಜಿ ದಿನವೂ ಕೂರುವುದು ಅಲ್ಲೇ.